ಲಾನ್ಸೆಲೊಟ್‌ನ ಪೊಟ್ಟಣ

ಗಲ್ಫಿಗೆ ಹೋದವನು ರಜೆಯಲ್ಲಿ ಊರಿಗೆ ಬಂದಾಗ ನಮ್ಮ ಕಡೆಯವರು ಮೊದಲು ನೋಡುವುದು ಅವನ ಪೆಟ್ಟಿಗೆಯನ್ನಲ್ಲ, ಹೊಟ್ಟೆಯನ್ನು. ಕೆನ್ನೆ ಉಬ್ಬಿ, ಅಂಗಿಯ ಗುಂಡಿ ಬಿಗಿದು ಬಂದರೆ "ಒಳ್ಳೆ ಆಗಿದ್ದಿ ಮಾರಾಯ" ಅನ್ನುತ್ತಾರೆ. ಹೋದ ಹಾಗೆಯೇ ತಿರುಗಿ ಬಂದರೆ "ಅಲ್ಲಿ ಊಟ ಸರಿ ಇಲ್ವಾ?" ಎಂದು ಕನಿಕರಪಡುತ್ತಾರೆ. ಈ ಲೆಕ್ಕದಲ್ಲಿ ನೋಡಿದರೆ ಕಮಲಾಕ್ಷನಷ್ಟು ಗೆದ್ದ ಮನುಷ್ಯ ಇಡೀ ಬಹ್ರೇನಿನಲ್ಲಿ ಇನ್ನೊಬ್ಬನಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಕಮಲಾಕ್ಷ ಅಲ್ಲಿನ ಹಿದ್ ಎಂಬ ಊರಿನಲ್ಲಿ ಹಡಗು ದುರಸ್ತಿ ಮಾಡುವ ಒಂದು ಕಂಪೆನಿಯಲ್ಲಿ ವೆಲ್ಡರ್ ಆಗಿದ್ದ. ತಲೆಯ ಮೇಲೆ ಕೈಯೆತ್ತಿ ಮಾಡುವ ವೆಲ್ಡಿಂಗಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮದುವೆಯಾದ ಮೇಲೂ ಐದು ವರ್ಷ ಅವನು ಕ್ಯಾಂಪಿನಲ್ಲಿ ಒಬ್ಬನೇ ಇದ್ದ. ಹಡಗಿನ ಟ್ಯಾಂಕಿನೊಳಗೆ ಇಳಿದು ಕೆಲಸ ಮಾಡುವ ಗ್ಯಾಂಗಿಗೆ ಸೇರಿದ ಮೇಲೆ ಅವನ ಗ್ರೇಡ್ ಏರಿತು, ಫ್ಯಾಮಿಲಿ ವೀಸಾ ಸಿಕ್ಕಿತು, ಹೆಂಡತಿ ಚಂದ್ರಾವತಿ ವಿಮಾನ ಹತ್ತಿ ಬಂದಳು. ರಾಜಧಾನಿ ಮನಾಮಾದ ಹಳೆಯ ಕಟ್ಟಡವೊಂದರಲ್ಲಿ ಕಂಪೆನಿ ಕೊಟ್ಟ ಮನೆಯಲ್ಲಿ ಸಂಸಾರ ಶುರುವಾಯಿತು. ಐದು ವರ್ಷ ಬಡಿಸಲು ಸಿಗದ ಗಂಡನಿಗೆ ಚಂದ್ರಾವತಿ ಬಡಿಸಿದ್ದೇ ಬಡಿಸಿದ್ದು. ಅವನೂ ಬೇಡ ಎನ್ನಲಿಲ್ಲ.

ಎದುರು ಬಾಗಿಲಿನ ಮನೆ ಲಾನ್ಸೆಲೊಟ್‌ನದು. ಅವನೂ ಅದೇ ಗ್ಯಾಂಗಿನ ವೆಲ್ಡರ್. ಹೆಂಡತಿ ಅಪೊಲಿನ್ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಕಮಲಾಕ್ಷ ಮತ್ತು ಲಾನ್ಸೆಲೊಟ್ ಒಂದೇ ಗಾತ್ರ, ಒಂದೇ ತೂಕ. ಯಾರ್ಡಿನಲ್ಲಿ ಅವರನ್ನು 'ಜೋಡಿ ಡ್ರಮ್ಮು' ಎಂದೇ ಕರೆಯುತ್ತಿದ್ದರು. ಕಂಪೆನಿ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರೆ ಒಬ್ಬನ ಅರ್ಧ ಮೈ ಹೊರಗಿರುತ್ತಿತ್ತು. ಇಬ್ಬರಿಗೂ ಅದರಲ್ಲಿ ಬೇಸರವಿರಲಿಲ್ಲ, ಒಬ್ಬನಿಗೊಬ್ಬನ ಜೊತೆ ಇತ್ತಲ್ಲ.

ಆಮೇಲೆ ಲಾನ್ಸೆಲೊಟ್ ಮೋಸ ಮಾಡಿದ. ಕಮಲಾಕ್ಷನಿಗೆ ಅದು ಮೋಸ ಎಂದೇ ತೋರಿತು. ಯಾರಿಗೂ ಹೇಳದೆ, ಕೇಳದೆ, ಒಂದು ವರ್ಷದಲ್ಲಿ ಅವನು ಸಣ್ಣಗಾದ. ಮೊದಲು ಗಲ್ಲ ಕಾಣಿಸಿತು, ಆಮೇಲೆ ಕುತ್ತಿಗೆ. ಒಂದು ದಿನ ಬಸ್ಸಿನಲ್ಲಿ ಸೀಟು ಇಬ್ಬರಿಗೂ ಸರಿಯಾಗಿ ಸಾಕಾಯಿತು. ಲಾನ್ಸೆಲೊಟ್ ಆರಾಮಾಗಿ ಕಿಟಕಿಯ ಹೊರಗೆ ಸಮುದ್ರ ನೋಡುತ್ತ ಕೂತ. ಪಕ್ಕದಲ್ಲಿ ಕಮಲಾಕ್ಷನ ಹೊಟ್ಟೆಯೊಳಗೆ ಉರಿ ಎದ್ದಿತು.

ಅಕ್ಟೋಬರಿನಲ್ಲಿ ಒಂದು ದೊಡ್ಡ ಎಣ್ಣೆ ಹಡಗು ದುರಸ್ತಿಗೆ ಬಂತು. ಅದರ ಟ್ಯಾಂಕಿನೊಳಗೆ ಇಳಿಯಲು ಇರುವುದು ಹಿಂದಿನ ಹಡಗುಗಳದಕ್ಕಿಂತ ಸಣ್ಣದಾದ, ಮೊಟ್ಟೆಯಾಕಾರದ ಒಂದು ಬಾಯಿ. ಒಳಗೆ ಹೋಗುವುದೂ ಅದರಲ್ಲೇ, ಹೊರಗೆ ಬರುವುದೂ ಅದರಲ್ಲೇ. ಲಾನ್ಸೆಲೊಟ್ ಕಾಲಿಳಿಸಿ ಸರ್ರನೆ ಒಳಗೆ ಹೋದ. ಹಿಂದೆಯೇ ಕಮಲಾಕ್ಷ ಕಾಲಿಳಿಸಿದ. ಕಾಲು ಹೋಯಿತು, ಸೊಂಟದ ಹತ್ತಿರ ನಿಂತಿತು. ಉಸಿರು ಬಿಟ್ಟು ನೋಡಿದ, ಹೊಟ್ಟೆಯನ್ನು ಒಳಗೆ ಎಳೆದು ನೋಡಿದ, ಓರೆಯಾಗಿ ತಿರುಗಿ ನೋಡಿದ. ಕೊನೆಗೆ ಮೇಲಿದ್ದ ಇಬ್ಬರು ಕಂಕುಳಿಗೆ ಕೈ ಹಾಕಿ ಎಳೆದು ತೆಗೆದರು. ಯಾರೋ ನಕ್ಕರು. ಫೋರ್‌ಮನ್ ರಾಫೆಲ್ ನಗಲಿಲ್ಲ.

"ಕಮಲಾಕ್ಷ, ನಿನ್ನ ಕೈಯ ಕೆಲಸ ಎಂತದ್ದು ಅಂತ ನಂಗೆ ಗೊತ್ತುಂಟು," ಎಂದ ರಾಫೆಲ್. "ಆದ್ರೆ ಒಳಗೆ ಹೋಗ್ಲಿಕ್ಕೆ ಆಗದವನನ್ನು ಟ್ಯಾಂಕ್ ಗ್ಯಾಂಗಿನಲ್ಲಿ ಇಟ್ಕೊಂಡು ನಾನೆಂತ ಮಾಡುದು? ಏಪ್ರಿಲ್‌ನಲ್ಲಿ ಕಾಂಟ್ರಾಕ್ಟ್ ಹೊಸತಾಗ್ತದೆ. ಅಷ್ಟರೊಳಗೆ ನೀನು ಈ ಬಾಯಿಯಲ್ಲಿ ಇಳಿಬೇಕು. ಇಲ್ಲಾಂದ್ರೆ ಹೊರಗಿನ ಶೆಡ್ಡಿಗೆ ಹಾಕ್ತಾರೆ, ಗ್ರೇಡ್ ಇಳೀತದೆ. ಫ್ಯಾಮಿಲಿ ವೀಸಾ ಮತ್ತೆ ಇರುದಿಲ್ಲ."

ಅಂದು ಸಂಜೆ ಸುದ್ದಿ ಕೇಳಿದ ಚಂದ್ರಾವತಿ ಕಪಾಟಿನ ಮೇಲಿದ್ದ ತನ್ನ ಸೂಟ್‌ಕೇಸನ್ನು ಕೆಳಗಿಳಿಸಿ, ಧೂಳು ಒರೆಸಿ, ಸೀರೆಗಳನ್ನು ತುಂಬಿ, ಮಂಚದ ಪಕ್ಕ ಇಟ್ಟಳು.

"ಈಗ್ಲೇ ಯಾಕೆ ಅದನ್ನು ತೆಗ್ದದ್ದು?" ಎಂದು ಕಮಲಾಕ್ಷ ಕೇಳಿದ.

"ಏಪ್ರಿಲ್ ಬರ್ಲಿಕ್ಕೆ ಎಷ್ಟೊತ್ತು ಬೇಕು," ಎಂದಳು ಅವಳು. ಆಮೇಲೆ ಎದುರು ಬಾಗಿಲಿನ ಕಡೆ ಮುಖ ಮಾಡಿ, "ಅವರಿಗೆ ಎಂತ ಚಿಂತೆ. ಅವಳು ನರ್ಸಲ್ವಾ, ಕ್ಲಿನಿಕ್ಕಿನಿಂದ ಮಾತ್ರೆ ತಂದು ಗಂಡನಿಗೆ ಕೊಡ್ತಾಳೆ. ಇಲ್ಲದಿದ್ರೆ ಹಾಗೆ ಸಪೂರ ಆಗ್ಲಿಕ್ಕೆ ಉಂಟಾ?" ಎಂದಳು.

ಕಮಲಾಕ್ಷನಿಗೆ ಈ ಮಾತು ಬೆಲ್ಲದಂತೆ ರುಚಿಸಿತು. ತಾನು ದಪ್ಪಗಿರುವುದು ತನ್ನ ತಪ್ಪಲ್ಲ, ಮಾತ್ರೆ ಸಿಗದ್ದರಿಂದ ಎಂದಾಯಿತಲ್ಲ. ಅವನಿಗೆ ಸಾಕ್ಷಿಯೂ ಸಿಕ್ಕಿತು. ದಿನಾ ಬೆಳಿಗ್ಗೆ ಬಸ್ಸು ಹಿಡಿಯಲು ಇಳಿಯುವ ಮೊದಲು ಅಪೊಲಿನ್ ಗಂಡನ ಕೈಗೆ ಒಂದು ಸಣ್ಣ ಕಾಗದದ ಪೊಟ್ಟಣ ಕೊಡುತ್ತಿದ್ದಳು. ಲಾನ್ಸೆಲೊಟ್ ಅದನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಳ್ಳುತ್ತಿದ್ದ. ಸಂಜೆ ನಾಲ್ಕರ ಚಾ ಹೊತ್ತಿಗೆ ಎಲ್ಲರೂ ಕ್ಯಾಂಟೀನಿಗೆ ಓಡಿದರೆ ಅವನು ಪೊಟ್ಟಣ ಹಿಡಿದುಕೊಂಡು ನೆರಳಿಗೆ ಹೋಗುತ್ತಿದ್ದ. ಚಂದ್ರಾವತಿ ಬಾಗಿಲಿನ ಸಂದಿಯಿಂದ ಪೊಟ್ಟಣ ನೋಡಿದಳು, ಕಮಲಾಕ್ಷ ಕ್ಯಾಂಟೀನಿನ ಕಿಟಕಿಯಿಂದ ನೋಡಿದ. ಗಂಡ ಹೆಂಡತಿ ಇಬ್ಬರಿಗೂ ಹಗಲಿಡೀ ಅದೇ ಧ್ಯಾನ.

"ಎಂತ ಲಾನ್ಸಿ ಅದು, ಜೇಬಲ್ಲಿ?" ಎಂದು ಒಮ್ಮೆ ಬಸ್ಸಿನಲ್ಲಿ ಕೇಳಿಯೇಬಿಟ್ಟ.

"ಅದಾ? ಅಪೊಲಿನ್ ಕೊಟ್ಟದ್ದು ಮಾರಾಯ. ನಾಲ್ಕು ಗಂಟೆಗೆ ತಿನ್ಲಿಕ್ಕೆ," ಎಂದ ಲಾನ್ಸೆಲೊಟ್.

ನಾಲ್ಕು ಗಂಟೆಗೆ ತಿನ್ನುವ ಮಾತ್ರೆ. ಕಮಲಾಕ್ಷನಿಗೆ ಸಂಶಯವೇ ಉಳಿಯಲಿಲ್ಲ. ಮುಂದೆ ಕೇಳಲು ಅಭಿಮಾನ ಬಿಡಲಿಲ್ಲ. ಅವರ ಮಾತ್ರೆ ಅವರಿಗೇ ಇರಲಿ, ನನಗೆ ನನ್ನ ದೇವರಿದ್ದಾನೆ ಎಂದುಕೊಂಡ.

ದೇವರ ದಾರಿ ಎಂದರೆ ಒಪ್ಪೊತ್ತು. ನಮ್ಮ ಕಡೆ ಶನಿವಾರ ಒಪ್ಪೊತ್ತು ಮಾಡುವವರು ಮಧ್ಯಾಹ್ನ ಒಂದೇ ಹೊತ್ತು ಅನ್ನ ಉಣ್ಣುತ್ತಾರೆ, ರಾತ್ರಿ ಅನ್ನ ಮುಟ್ಟುವುದಿಲ್ಲ, ಫಲಾಹಾರ ಮಾಡುತ್ತಾರೆ. ಕಮಲಾಕ್ಷನ ತಲೆಗೆ ಹೊಳೆದದ್ದು ಏನೆಂದರೆ, ಮೈ ಬರುವುದು ಅನ್ನದಿಂದ. ಶನಿವಾರ ಒಂದೇ ಯಾಕೆ, ವಾರವಿಡೀ ಒಪ್ಪೊತ್ತು ಮಾಡಿದರೆ ಲಾನ್ಸೆಲೊಟ್ ಏನು, ಅವನ ಅಪ್ಪನಿಗಿಂತಲೂ ಸಪೂರ ಆಗಬಹುದು.

ಚಂದ್ರಾವತಿಯೂ ಹುರುಪಿನಿಂದ ಟೊಂಕ ಕಟ್ಟಿದಳು. ಗಂಡ ರಾತ್ರಿ ಅನ್ನ ಬಿಟ್ಟಿದ್ದಾನೆಂಬ ಮರುಕಕ್ಕೆ ಫಲಾಹಾರ ದಿನದಿಂದ ದಿನಕ್ಕೆ ಬೆಳೆಯಿತು. ಒಂದು ದಿನ ಕಾಯಿ ಬೆಲ್ಲ ಕಲಸಿದ ಅವಲಕ್ಕಿ, ಇನ್ನೊಂದು ದಿನ ಬಟ್ಟಲು ತುಂಬ ಎಣ್ಣೆಯಲ್ಲಿ ಕರಿದ ಮೈದಾ ಹಿಟ್ಟಿನ ಗೋಳಿಬಜೆ, ಮತ್ತೊಂದು ದಿನ ತುಪ್ಪದ ದೋಸೆ. ಮೇಲೆ ಬಾಳೆಹಣ್ಣು. ಅದರ ಮೇಲೆ ಸಿಹಿ ಟಿನ್ ಹಾಲು ಸುರಿದ ಚಾ. ಕೆಳಗಿನ ಬೇಕರಿಯಿಂದ ಬಿಸಿ ಬಿಸಿ ಖುಬೂಸ್ ರೊಟ್ಟಿ ತಂದರೆ ಅದೂ ಅನ್ನವಲ್ಲ. ಯಾರ್ಡಿನಲ್ಲಿ ಕುಡಿಯುವ ಕೂಲ್‌ಡ್ರಿಂಕ್ಸ್ ಅಂತೂ ಬರೀ ನೀರು. ಅನ್ನವಲ್ಲದ್ದೆಲ್ಲ ಗಾಳಿ ಎಂಬುದು ಅವರಿಬ್ಬರ ನಂಬಿಕೆ.

ಡಿಸೆಂಬರಿನ ಒಂದು ಶುಕ್ರವಾರ ಸೂಕ್ ಎಂಬ ಹಳೆ ಪೇಟೆಯ ಔಷಧಿ ಅಂಗಡಿಗೆ ಹೋಗಿ ಕಮಲಾಕ್ಷ ತೂಕದ ಯಂತ್ರದ ಮೇಲೆ ನಿಂತ. ಮುಳ್ಳು ಮೊದಲಿಗಿಂತಲೂ ಮುಂದೆ ಹೋಗಿ ನಿಂತಿತು. ಇಳಿದು, ಚಪ್ಪಲಿ ಬಿಚ್ಚಿ, ಮತ್ತೆ ಹತ್ತಿದ. ಯಂತ್ರಕ್ಕೆ ಮುಲಾಜಿರಲಿಲ್ಲ. ಹೊರಗೆ ಬಂದರೆ ಎದುರಿನಿಂದ ಲಾನ್ಸೆಲೊಟ್ ಮತ್ತು ಅಪೊಲಿನ್ ಚೀಲದ ತುಂಬ ಸೊಪ್ಪು ತರಕಾರಿ ಹೊತ್ತುಕೊಂಡು ನಗುತ್ತ ಬರುತ್ತಿದ್ದರು. ಲಾನ್ಸೆಲೊಟ್ ಹೊಸ ಬೆಲ್ಟ್ ಕಟ್ಟಿದ್ದ. ಆ ಬೆಲ್ಟನ್ನು ಕಂಡು ಕಮಲಾಕ್ಷನಿಗೆ ಎಷ್ಟು ಹೊಟ್ಟೆಕಿಚ್ಚಾಯಿತೆಂದರೆ, ಮಾತಾಡಿಸಿದರೂ ಕೇಳದವನಂತೆ ಇನ್ನೊಂದು ಗಲ್ಲಿಗೆ ತಿರುಗಿಬಿಟ್ಟ.

ಮರುದಿನದಿಂದ ಅವನು ಊಟವನ್ನೇ ಬಿಟ್ಟ. ಬೆಳಿಗ್ಗೆ ಚಾ, ಮಧ್ಯಾಹ್ನ ಚಾ, ರಾತ್ರಿ ಒಂದು ತುಂಡು ರೊಟ್ಟಿ. ಚಂದ್ರಾವತಿ ಬೇಡಿಕೊಂಡಳು, ಅತ್ತಳು, ಬೈದಳು.

"ಹೀಗೆ ಮಾಡಿದ್ರೆ ನಾನು ಏಪ್ರಿಲ್‌ವರೆಗೆ ಕಾಯುದಿಲ್ಲ. ಇವತ್ತೇ ಹೋಗ್ತೇನೆ," ಎಂದಳು.

"ನೀನು ಹೋಗ್ಬಾರ್ದು ಅಂತಲೇ ಮಾಡುದಲ್ವಾ ಇದು," ಎಂದ ಕಮಲಾಕ್ಷ. ಅವನ ದನಿಯಲ್ಲಿ ಶಕ್ತಿಯೇ ಇರಲಿಲ್ಲ.

ತೂಕ ಸ್ವಲ್ಪ ಇಳಿದದ್ದು ನಿಜ. ಕೈಯೂ ನಡುಗತೊಡಗಿದ್ದು ನಿಜ. ತಲೆಯ ಮೇಲಿನ ವೆಲ್ಡಿಂಗಿನಲ್ಲಿ ಯಾವತ್ತೂ ತಪ್ಪದ ಅವನ ಗೆರೆ ಆಚೀಚೆ ಹೋಯಿತು. ಆದರೂ ಒಂದು ದಿನ, ಫೋರ್‌ಮನ್ ಆಚೆ ಹೋಗಿದ್ದ ಹೊತ್ತು ನೋಡಿ, ತಾನು ಇಳಿಯಬಲ್ಲೆ ಎಂದು ತೋರಿಸಲು ಟ್ಯಾಂಕಿನ ಬಾಯಿಗೆ ಕಾಲಿಳಿಸಿದ. ಒಳಗೆ ಲಾನ್ಸೆಲೊಟ್ ಮತ್ತು ಇನ್ನು ಕೆಲವರು ಕೆಲಸ ಮಾಡುತ್ತಿದ್ದರು. ಈ ಸಲ ಸೊಂಟ ಅರ್ಧ ಇಳಿಯಿತು. ಇನ್ನೊಂದು ಚೂರು ಎಂದು ಉಸಿರು ಬಿಗಿಹಿಡಿದು ಮೈಯನ್ನು ಕೆಳಗೆ ತಳ್ಳಿದ. ಅಷ್ಟರಲ್ಲಿ ಕಣ್ಣಿಗೆ ಕತ್ತಲೆ ಕವಿಯಿತು. ಕೈ ಸಡಿಲವಾಯಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಟ್ಯಾಂಕಿಗೆ ಇದ್ದ ಒಂದೇ ಬಾಯಿಗೆ ಕಮಲಾಕ್ಷ ಬಿರಡೆ ಹಾಕಿದಂತಾಯಿತು.

ಕೆಳಗಿನಿಂದ ಯಾರೋ ಏಣಿ ಹತ್ತಿ ಬಂದು ಅವನ ಕಾಲುಗಳನ್ನು ಹೆಗಲ ಮೇಲೆ ಇಟ್ಟುಕೊಂಡು ಮೇಲೆ ನೂಕಿದರು. ಮೇಲಿದ್ದವರು ಎಳೆದರು. ಅವನು ಹೊರಗೆ ಬಿದ್ದ. ಅವನ ಹಿಂದೆಯೇ ಬಾಯಿಯಿಂದ ತಲೆ ಹೊರಹಾಕಿದವನು ಲಾನ್ಸೆಲೊಟ್. ಬೆವರಿನಲ್ಲಿ ಮುಳುಗಿದ್ದ. ಏದುಸಿರು ಬಿಡುತ್ತಿದ್ದ.

"ಬೆಳಿಗ್ಗೆ ಎಂತ ತಿಂದದ್ದು ನೀನು?" ಎಂದು ಕೇಳಿದ.

"ಚಾ," ಎಂದ ಕಮಲಾಕ್ಷ.

"ನಿನ್ನೆ ರಾತ್ರಿ?"

ಕಮಲಾಕ್ಷ ಮುಖ ಆಚೆ ತಿರುಗಿಸಿದ. ಲಾನ್ಸೆಲೊಟ್ ಅವನಿಗೆ ನೀರು ಕುಡಿಸಿ, ಜೇಬಿನ ಗುಂಡಿ ಬಿಚ್ಚಿ ಪೊಟ್ಟಣ ತೆಗೆದ. ಎರಡು ತಿಂಗಳು ಗಂಡ ಹೆಂಡತಿಯ ನೆಮ್ಮದಿ ಕೆಡಿಸಿದ ಪೊಟ್ಟಣ ಕಣ್ಣೆದುರೇ ಬಿಚ್ಚಿಕೊಂಡಿತು. ಒಳಗೆ ಒಂದು ಹಿಡಿ ಹುರಿದ ಕಡಲೆ, ಎರಡು ಖರ್ಜೂರ. ಲಾನ್ಸೆಲೊಟ್ ಖರ್ಜೂರದ ಬೀಜ ತೆಗೆದು ಅವನ ಬಾಯಿಗಿಟ್ಟ.

ಕಮಲಾಕ್ಷ ಅಗಿದು ನುಂಗಿದ. ಆಮೇಲೆ ಪೊಟ್ಟಣವನ್ನು ಮಗುಚಿ ನೋಡಿದ. "ಮಾತ್ರೆ ಎಲ್ಲುಂಟು?" ಎಂದು ಕೇಳಿದ.

"ಎಂತ ಮಾತ್ರೆ?"

"ನೀನು ಸಪೂರ ಆದ ಮಾತ್ರೆ."

ಲಾನ್ಸೆಲೊಟ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಮಾತ್ರೆ ಇಲ್ಲ ಮಾರಾಯ. ಇದೇ ಇದ್ದದ್ದು. ಕ್ಯಾಂಟೀನಿನ ಸಮೋಸ ಬಿಡ್ಲಿಕ್ಕೆ ಅಂತ ಅವಳು ಕಟ್ಟಿಕೊಡುದು."

ಅಷ್ಟರಲ್ಲಿ ರಾಫೆಲ್ ಓಡಿ ಬಂದ. ಸಿಟ್ಟಿನಿಂದ ಅವನ ಮುಖ ಕೆಂಪಾಗಿತ್ತು. "ಒಳಗೆ ಜನ ಇದ್ರು ಕಮಲಾಕ್ಷ. ಒಂದು ಕಿಡಿ ಹೊತ್ತಿಕೊಂಡಿದ್ರೆ ಅವ್ರು ಹೊರಗೆ ಬರುದು ಎಲ್ಲಿಂದ? ನಿನ್ನ ಹೊಟ್ಟೆ ತೂರಿಕೊಂಡಾ?" ಎಂದ. ಕಮಲಾಕ್ಷನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತಾನು ಅಷ್ಟು ದಿನ ಹೊಟ್ಟೆಕಿಚ್ಚುಪಟ್ಟ ಮನುಷ್ಯ ತನ್ನ ಕೆಳಗೆ, ಆ ಕತ್ತಲೆಯಲ್ಲಿ ಸಿಕ್ಕಿಬಿದ್ದಿದ್ದ. ಅವನ ಹೆಗಲ ಮೇಲೆ ಕಾಲಿಟ್ಟೇ ತಾನು ಹೊರಗೆ ಬಂದದ್ದು.

ಅಂದು ಸಂಜೆ ಅಪೊಲಿನ್ ಡ್ಯೂಟಿಯಿಂದ ನೇರವಾಗಿ ಕಮಲಾಕ್ಷನ ಮನೆಗೆ ಬಂದಳು. ರಕ್ತದೊತ್ತಡ ನೋಡಿದಳು, ನಾಡಿ ಹಿಡಿದಳು, ಒಪ್ಪೊತ್ತು ಉಪವಾಸದ ಕಥೆಯನ್ನೆಲ್ಲ ಕೇಳಿಕೊಂಡಳು. ನಾಳೆ ಕ್ಲಿನಿಕ್ಕಿಗೆ ಬಂದು ಸಕ್ಕರೆ ಪರೀಕ್ಷೆ ಮಾಡಿಸಿ ಡಾಕ್ಟರರಿಗೆ ತೋರಿಸಲೇಬೇಕು ಎಂದಳು. ಆಮೇಲೆ ಚಂದ್ರಾವತಿಯ ಕಡೆ ತಿರುಗಿ ಕೇಳಿದಳು.

"ಚಂದ್ರಕ್ಕ, ಒಪ್ಪೊತ್ತಿನ ದಿನ ರಾತ್ರಿ ಇವರಿಗೆ ಎಂತೆಲ್ಲ ಕೊಡ್ತಿದ್ರಿ? ಅಷ್ಟನ್ನೂ ಒಂದು ಬಟ್ಟಲಿಗೆ ಹಾಕಿ ತೋರಿಸ್ತೀರಾ?"

ಚಂದ್ರಾವತಿ ಮುಖ ಗಂಟಿಕ್ಕಿಕೊಂಡೇ ಅಡಿಗೆಮನೆಗೆ ಹೋದಳು. ಅವಲಕ್ಕಿ, ಬೆಲ್ಲ, ಕಾಯಿತುರಿ, ಬಾಳೆಹಣ್ಣು, ಮಧ್ಯಾಹ್ನ ಅವಳು ತನಗೆಂದು ಕರಿದಿದ್ದ ಗೋಳಿಬಜೆ, ಪಕ್ಕದಲ್ಲಿ ಟಿನ್ ಹಾಲಿನ ಚಾ. ಅಪೊಲಿನ್ ಇನ್ನೊಂದು ಬಟ್ಟಲಿನಲ್ಲಿ ಅವನು ಮೊದಲು ಉಣ್ಣುತ್ತಿದ್ದಷ್ಟು ಅನ್ನ ಸಾರು ಬಡಿಸಿ ಪಕ್ಕಕ್ಕಿಟ್ಟಳು.

"ಈಗ ನೋಡಿ. ಯಾವುದು ಜಾಸ್ತಿ ಉಂಟು?"

"ಇದು ಅನ್ನ ಅಲ್ವಲ್ಲ ಬಾಯಮ್ಮ," ಎಂದಳು ಚಂದ್ರಾವತಿ. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಹಾಗೆಯೇ ಕರೆಯುವುದು.

"ಹೊಟ್ಟೆಗೆ ಅದೆಲ್ಲ ಗೊತ್ತಾಗುದಿಲ್ಲ ಚಂದ್ರಕ್ಕ. ಶನಿವಾರ ಯಾವುದು, ಶುಕ್ರವಾರ ಯಾವುದು ಅಂತಲೂ ಗೊತ್ತಾಗುದಿಲ್ಲ. ಅವಲಕ್ಕಿಯೂ ಅಕ್ಕಿಯೇ. ಬೆಲ್ಲ, ಎಣ್ಣೆ, ಟಿನ್ ಹಾಲು ಅದಕ್ಕಿಂತ ಜೋರು. ನಾನು ಒಪ್ಪೊತ್ತು ಬಿಡಿ ಅಂತ ಹೇಳುದಿಲ್ಲ. ದೇವರಿಗೆ ಮಾಡುದನ್ನು ದೇವರಿಗೆ ಮಾಡಿ, ತೂಕಕ್ಕೆ ಅದನ್ನು ಎಳಿಬೇಡಿ. ನಮ್ಮಲ್ಲೂ ಹೀಗೆಯೇ. ಈಸ್ಟರಿಗೆ ಮೊದಲು ತಪಸ್ಸುಕಾಲದಲ್ಲಿ ಮಾಂಸ ಬಿಟ್ಟೆವು ಅಂತ ಹೇಳಿ ಮೀನು ಫ್ರೈ ಎರಡೆರಡು ಜಾಸ್ತಿ ತಿನ್ನುದು."

"ಮತ್ತೆ ಊಟ ಬಿಟ್ಟದ್ದಕ್ಕೆ ತೂಕ ಇಳಿತಲ್ಲ?" ಎಂದ ಕಮಲಾಕ್ಷ ಮಂಚದಿಂದಲೇ.

"ಇಳೀತದೆ. ನೀರು ಹೋಗ್ತದೆ, ಕೈಕಾಲಿನ ಶಕ್ತಿ ಹೋಗ್ತದೆ. ಮತ್ತೆ ಒಂದು ದಿನ ಹಸಿವು ತಡಿಲಿಕ್ಕಾಗದೆ ಡಬಲ್ ತಿಂತೀರಿ. ಹೋದದ್ದು ಬಡ್ಡಿ ಸಮೇತ ಬರ್ತದೆ. ಉಪವಾಸದಲ್ಲಿ ಸಪೂರ ಆದವರು ಸಪೂರವೇ ಉಳಿದದ್ದು ನಾನು ನೋಡ್ಲಿಲ್ಲ. ಲಾನ್ಸಿಗೆ ಒಂದು ವರ್ಷ ಹಿಡಿತು ಕಮಲಾಕ್ಷಣ್ಣ. ವಾರಕ್ಕೆ ಅರ್ಧ ಕಿಲೋ ಇಳಿದ್ರೆ ಸಾಕು. ಕೆಲವು ವಾರ ಅದೂ ಇಳಿಯುದಿಲ್ಲ."

ಅವಳು ಖಾಲಿ ಬಟ್ಟಲು ತೆಗೆದುಕೊಂಡು ಬೆರಳಿನಿಂದ ಗೆರೆ ಎಳೆದಳು. "ಅರ್ಧ ಬಟ್ಟಲು ತರಕಾರಿ. ತೊಂಡೆಕಾಯಿ, ಬೀನ್ಸು, ಸೊಪ್ಪು, ಹಸಿ ಸೌತೆ, ಯಾವುದಾದ್ರೂ ಆಗ್ತದೆ. ಉಳಿದ ಅರ್ಧದಲ್ಲಿ ಒಂದು ಪಾಲು ಅನ್ನ, ಇಲ್ಲಾಂದ್ರೆ ಒಂದು ಖುಬೂಸ್. ಎರಡೂ ಅಲ್ಲ. ಇನ್ನೊಂದು ಪಾಲು ಮೀನೋ, ಹೆಸರುಕಾಳೋ, ಮೊಟ್ಟೆಯೋ. ಮೀನನ್ನು ಸಾರು ಮಾಡಿ, ಎಣ್ಣೆಯಲ್ಲಿ ಕಾಯಿಸುದು ವಾರಕ್ಕೆ ಒಂದು ದಿನ ಸಾಕು. ಎಣ್ಣೆಯನ್ನು ಡಬ್ಬದಿಂದ ಸುರಿಯುದಲ್ಲ, ಚಮಚದಲ್ಲಿ ಹಾಕುದು. ಮೂರು ಹೊತ್ತೂ ಊಟ ಮಾಡ್ಬೇಕು, ಬಿಡ್ಲಿಕ್ಕಿಲ್ಲ. ಕೂಲ್‌ಡ್ರಿಂಕ್ಸ್ ಬಂದ್."

ಇಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದ ಚಂದ್ರಾವತಿಗೆ ತಡೆಯಲಾಗಲಿಲ್ಲ. ತನ್ನ ಅಡಿಗೆಮನೆಯ ಬಟ್ಟಲು ಹಿಡಿದುಕೊಂಡು, ತನ್ನ ಗಂಡ ಏನು ಉಣ್ಣಬೇಕೆಂದು ಇನ್ನೊಬ್ಬಳು ಹೇಳುವುದು. ಅದನ್ನು ಅವನು ಶಾಲೆಯ ಹುಡುಗನಂತೆ ಕೇಳುವುದು.

"ನಾನು ಬಡಿಸಿದ್ದೇ ತಪ್ಪು ಅಂತ ಹೇಳಿ ಬಾಯಮ್ಮ," ಎಂದಳು. ಕಣ್ಣಲ್ಲಿ ನೀರಿತ್ತು. "ನಿಮ್ಗೆ ಹೊರಗೆ ಕೆಲಸ ಉಂಟು, ಬಿಳಿ ಡ್ರೆಸ್ ಉಂಟು, ಮೂರು ಭಾಷೆ ಬರ್ತದೆ. ನಂಗೆ ಇಲ್ಲಿ ಎಂತ ಉಂಟು? ಇವ್ರು ಬಾಯಿ ಚಪ್ಪರಿಸಿ ಇನ್ನೊಂದು ಹಾಕು ಅಂತ ಹೇಳ್ತಾರಲ್ಲ, ಅದೊಂದೇ ಇದ್ದದ್ದು. ಅದೂ ಬೇಡ ಅಂತೀರಾ?"

ಅಪೊಲಿನ್ ಬಟ್ಟಲು ಕೆಳಗಿಟ್ಟಳು.

"ಒಂದು ಮಾತು ಹೇಳ್ತೇನೆ, ನಗ್ಬೇಡಿ," ಎಂದಳು. "ನಾನು ಡ್ಯೂಟಿ ಮುಗಿಸಿ ಬರುವಾಗ ನಿಮ್ಮ ಮನೆಯಿಂದ ಗೋಳಿಬಜೆ ಪರಿಮಳ ಬರ್ತದೆ. ಲಾನ್ಸಿ ಬಾಗಿಲ ಹತ್ರ ಬಂದು ಮೂಗು ಮೇಲೆ ಮಾಡಿ ನಿಲ್ಲುದು. ನಾನು ಮಾಡಿದ್ದಕ್ಕೆ ಅವ್ರು ಒಂದು ದಿನ ಹಾಗೆ ನಿಂತವ್ರಲ್ಲ. ನಂಗೆ ನಿಮ್ಮ ಮೇಲೆ ಎಷ್ಟು ಹೊಟ್ಟೆಕಿಚ್ಚಿತ್ತು ಅಂತ ನಿಮ್ಗೆ ಗೊತ್ತಿಲ್ಲ ಚಂದ್ರಕ್ಕ. ನನ್ನ ಬೀನ್ಸು ಪಲ್ಯ ಲಾನ್ಸಿ ಮದ್ದು ಕುಡಿದ ಹಾಗೆ ನುಂಗುದು. ನಿಮ್ಮ ಕೈಯಲ್ಲಿ ಮಾಡಿದ್ರೆ ಅದಕ್ಕೂ ರುಚಿ ಬರ್ತದೆ. ನಂಗೂ ಕಲಿಸಿ."

ಚಂದ್ರಾವತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎದುರುಮನೆಯವಳಿಗೆ ತನ್ನ ಮೇಲೆ ಹೊಟ್ಟೆಕಿಚ್ಚು ಎಂದು ಕೇಳಿ ಅವಳಿಗೆ ಒಳಗೊಳಗೇ ಬಹಳ ಸಂತೋಷವಾಯಿತು, ಅದನ್ನು ಮುಚ್ಚಿಡುವುದೇಕೆ. "ಬೀನ್ಸಿಗೆ ನೀವು ಒಗ್ಗರಣೆಗೆ ಬೆಳ್ಳುಳ್ಳಿ ಹಾಕುದಿಲ್ವಾ?" ಎಂದು ಕೇಳಿದಳು. ಆ ಪ್ರಶ್ನೆಯೊಂದಿಗೆ ಎರಡು ಮನೆಯ ಅಡಿಗೆ ಒಂದಾಯಿತು.

ಡಾಕ್ಟರು ನೋಡಿ ಸಕ್ಕರೆ ಕಾಯಿಲೆ ಇಲ್ಲ, ಆದರೆ ಹೀಗೇ ಇದ್ದರೆ ಬರಲು ತಡವಿಲ್ಲ ಎಂದರು. ಅಂದಿನಿಂದ ಕಮಲಾಕ್ಷನ ಮನೆಯಲ್ಲಿ ಬೆಳಿಗ್ಗೆ ಗಂಜಿ, ಹೆಸರುಕಾಳಿನ ಪಲ್ಯ. ಮಧ್ಯಾಹ್ನದ ಬುತ್ತಿಯಲ್ಲಿ ಅರ್ಧಕ್ಕರ್ಧ ತರಕಾರಿ. ಕಾಯಿತುರಿ ಹಿಡಿಯಿಂದ ಚಮಚಕ್ಕೆ ಇಳಿಯಿತು. ಟಿನ್ ಹಾಲು ಹೋಗಿ ನೀರು ಬೆರೆಸಿದ ಹಾಲಿನ ಚಾ ಬಂತು, ಸಕ್ಕರೆ ಮೊದಲು ಎರಡು ಚಮಚ, ಆಮೇಲೆ ಒಂದು, ಆಮೇಲೆ ಅರ್ಧ. ರಾತ್ರಿ ಊಟವಾದ ಮೇಲೆ ಎರಡೂ ಜೋಡಿ ಸಮುದ್ರದ ಬದಿಯ ರಸ್ತೆಯಲ್ಲಿ ನಡೆದು ಬರುತ್ತಿದ್ದರು. ಗೋಳಿಬಜೆ ಸತ್ತುಹೋಗಲಿಲ್ಲ. ಶುಕ್ರವಾರ ಸಂಜೆ ಅದರ ಪಾಳಿ. ಎಲ್ಲರಿಗೂ ಎಣಿಸಿ ಬಡಿಸಲಾಗುತ್ತಿತ್ತು, ಇನ್ನೊಂದು ಹಾಕು ಎಂದರೆ ಚಂದ್ರಾವತಿ ಕಿವುಡಿಯಾಗುತ್ತಿದ್ದಳು.

ಎಲ್ಲ ಸುಲಭವಾಯಿತು ಎಂದರೆ ಸುಳ್ಳಾದೀತು. ಮೊದಲ ವಾರಗಳಲ್ಲಿ ಕಮಲಾಕ್ಷ ಹಸಿವಿನ ಕೋಪದಲ್ಲಿ ಸುಮ್ಮಸುಮ್ಮನೆ ಜಗಳ ತೆಗೆಯುತ್ತಿದ್ದ. ಒಂದು ವಾರ ತೂಕ ಇಳಿಯಲೇ ಇಲ್ಲ, ಯಂತ್ರ ಕೆಟ್ಟಿದೆ ಎಂದು ಅಂಗಡಿಯವನ ಜೊತೆ ವಾದ ಮಾಡಿದ. ಲಾನ್ಸೆಲೊಟ್ ಮೇಲಿನ ಹೊಟ್ಟೆಕಿಚ್ಚೂ ಪೂರ್ತಿ ಹೋಗಲಿಲ್ಲ. ಅವನು ಸೌತೆ ತಿಂದರೆ ಇವನು ಎರಡು ಸೌತೆ ತಿಂದ. ಅವನು ಕಟ್ಟಡದ ಮೆಟ್ಟಿಲು ಹತ್ತಿದರೆ ಇವನು ಒಂದು ಹೆಜ್ಜೆ ಮುಂದೆ ಹತ್ತಿದ. ಆದರೆ ಆ ಕಿಚ್ಚಿನಲ್ಲಿ ಈಗ ಬೇಯುತ್ತಿದ್ದದ್ದು ತೊಂಡೆಕಾಯಿ, ಗೋಳಿಬಜೆಯಲ್ಲ. ನಿಧಾನವಾಗಿ ಕೈಯ ನಡುಕ ನಿಂತಿತು. ಬೂಟಿನ ದಾರ ಕಟ್ಟಲು ಬಗ್ಗಿದರೆ ಉಸಿರು ಕಟ್ಟುವುದು ನಿಂತಿತು. ಮಂಚದ ಪಕ್ಕದ ಸೂಟ್‌ಕೇಸ್ ಮಾತ್ರ ಇದ್ದಲ್ಲೇ ಇತ್ತು. ಅದನ್ನು ಎಡವದೆ ಅವನು ಒಂದು ದಿನವೂ ಮಲಗಲಿಲ್ಲ.

ಏಪ್ರಿಲ್ ಬಂತು. ಇನ್ನೊಂದು ಹಡಗು ಬಂತು. ಅದೇ ಮೊಟ್ಟೆಯಾಕಾರದ ಬಾಯಿ. ಈ ಸಲ ರಾಫೆಲ್ ಪಕ್ಕದಲ್ಲೇ ನಿಂತಿದ್ದ, ಒಳಗೆ ಯಾರನ್ನೂ ಬಿಟ್ಟಿರಲಿಲ್ಲ. ಕಮಲಾಕ್ಷ ಕಾಲಿಳಿಸಿದ. ಸೊಂಟದ ಹತ್ತಿರ ಬಂದಾಗ ಅಭ್ಯಾಸಬಲದಿಂದ ಕಣ್ಣು ಮುಚ್ಚಿಕೊಂಡ. ಕಬ್ಬಿಣ ಅಂಗಿಗೆ ಉಜ್ಜಿತು, ಅಷ್ಟೇ. ಕಣ್ಣು ತೆರೆದಾಗ ಅವನು ಏಣಿಯ ಮೇಲಿದ್ದ, ತಲೆಯ ಮೇಲೆ ಬೆಳಕಿನ ಮೊಟ್ಟೆ ಕಾಣುತ್ತಿತ್ತು. ಅಂದು ತಲೆಯ ಮೇಲಿನ ವೆಲ್ಡಿಂಗಿನ ಗೆರೆ ಒಂದು ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ. ಅದನ್ನು ನೋಡಿ ಲಾನ್ಸೆಲೊಟ್, "ನನ್ನ ಕೈ ಯಾವತ್ತೂ ಹೀಗೆ ಹೋಗುದಿಲ್ಲ ಮಾರಾಯ. ನಂಗೆ ಇದೊಂದರಲ್ಲಿ ನಿನ್ನನ್ನು ಕಂಡ್ರೆ ಆಗುದಿಲ್ಲ," ಎಂದ. ಕಮಲಾಕ್ಷನಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಿರಲಿಲ್ಲ.

ನಾಲ್ಕರ ಚಾ ಹೊತ್ತಿಗೆ ಇಬ್ಬರೂ ನೆರಳಿನಲ್ಲಿ ಕೂತು ಜೇಬಿನಿಂದ ಪೊಟ್ಟಣ ತೆಗೆದರು. ಆಚೆ ಕಡೆಯಿಂದ ಫೋರ್‌ಮನ್ ರಾಫೆಲ್ ನೋಡುತ್ತಿದ್ದ. ಅವನ ಹೊಟ್ಟೆಯೂ ಸಣ್ಣದಲ್ಲ. ಒಂದು ಸಲ ಆಚೆ ಹೋದ, ಒಂದು ಸಲ ಈಚೆ ಬಂದ. ಕೊನೆಗೆ ಕಮಲಾಕ್ಷನ ಕಿವಿಯ ಹತ್ತಿರ ಬಗ್ಗಿ, ಯಾರಿಗೂ ಕೇಳದಂತೆ, "ಯಾವ ಮಾತ್ರೆ ಅದು?" ಎಂದು ಕೇಳಿದ.

ಕಮಲಾಕ್ಷ ಅವನ ಅಂಗೈಗೆ ಒಂದು ಹಿಡಿ ಕಡಲೆ ಸುರಿದ.

ಸಂಜೆ ಮನೆಗೆ ಬಂದಾಗ ಬಾಗಿಲಲ್ಲೇ ನಿಂತಿದ್ದ ಚಂದ್ರಾವತಿ ಅವನ ಮುಖ ನೋಡಿದಳು. ಅಂಗಿಯ ಹೊಟ್ಟೆಯ ಭಾಗದಲ್ಲಿ ಕಬ್ಬಿಣದ ಕಪ್ಪು ಗೆರೆ ಕಂಡಳು. ಕೇಳುವ ಅಗತ್ಯ ಬೀಳಲಿಲ್ಲ. ಒಳಗೆ ಹೋಗಿ ಸೂಟ್‌ಕೇಸಿನಿಂದ ತನ್ನ ಸೀರೆಗಳನ್ನು ಒಂದೊಂದಾಗಿ ತೆಗೆದು ಕಪಾಟಿನಲ್ಲಿ ಜೋಡಿಸಿದಳು. ಖಾಲಿ ಸೂಟ್‌ಕೇಸನ್ನು ಅವನ ಕೈಗೆ ಕೊಟ್ಟು, "ಮೇಲೆ ಇಡಿ. ಗೋಡೆಯವರೆಗೆ ದೂಡಿ, ನಂಗೆ ಸುಲಭದಲ್ಲಿ ಸಿಗ್ಬಾರ್ದು," ಎಂದಳು.

ಈ ಕಥೆ ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಎದುರುಮನೆಯಲ್ಲೂ ಒಬ್ಬ ಲಾನ್ಸೆಲೊಟ್ ಇರಬಹುದು. ಅವನನ್ನು ಕಂಡು ಹೊಟ್ಟೆ ಉರಿದರೆ ಉರಿಯಲಿ, ಬಾಗಿಲ ಸಂದಿಯಿಂದ ಇಣುಕಬೇಡಿ, ಹೋಗಿ ಬಾಗಿಲು ತಟ್ಟಿ ಕೇಳಿ. ಮಾತ್ರೆ, ಪುಡಿ, ಕಷಾಯ ಎಂದು ಯಾರಾದರೂ ಮಾರಲು ಬಂದರೆ ದುಡ್ಡು ಕೊಡಬೇಡಿ. ಊಟ ಬಿಡಬೇಡಿ, ಊಟವನ್ನು ತಿದ್ದಿಕೊಳ್ಳಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಬಸುರಿಯರು ಮೊದಲು ಡಾಕ್ಟರರನ್ನು ಕೇಳಿಯೇ ಮುಂದುವರಿಯಿರಿ. ಇಂದು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಬಟ್ಟಲನ್ನು ಒಮ್ಮೆ ನೋಡಿ. ಅರ್ಧ ತರಕಾರಿ ಇದೆಯೇ? ಇಲ್ಲದಿದ್ದರೆ ಎದ್ದು ಹೋಗಿ ಒಂದು ಸೌತೆಯನ್ನಾದರೂ ಹೆಚ್ಚಿಕೊಂಡು ಬನ್ನಿ. ಅನ್ನ ಆರುವುದಿಲ್ಲ, ನಾವು ಕಾಯುತ್ತೇವೆ.